ಬಲಗೈಯ ಊತ

೧೪ ಮಾರ್ಚ್ ೧೯೯೩

ಅಕ್ಕನಿಗೆ ತಮ್ಮನ ನಮಸ್ಕಾರಗಳು.

ಮನೆ ಸೇರಿ ಎಂಟು ದಿನವಾಯಿತು. ಕೋಲು ಹಿಡಿದು ಬಚ್ಚಲಿಗೆ ಒಬ್ಬನೇ ಹೋಗಿಬರುತ್ತೇನೆ. ಅಮ್ಮ ಮಾತ್ರ ನನ್ನ ಹಿಂದೆಯೇ ಬಂದು ಬಾಗಿಲಾಚೆ ನಿಂತು ಎರಡು ನಿಮಿಷಕ್ಕೊಮ್ಮೆ, "ಬಿದ್ಯಾ?" ಎಂದು ಕೇಳುತ್ತಾಳೆ. ಬಿದ್ದಿದ್ದರೆ ಸದ್ದಾಗುತ್ತಿತ್ತಲ್ಲಮ್ಮಾ ಎಂದರೆ ಕೋಪ.

ಹೊಟ್ಟೆಯ ಮೇಲಿನ ಹೊಲಿಗೆಯನ್ನು ಇವತ್ತು ಕನ್ನಡಿಯಲ್ಲಿ ಸರಿಯಾಗಿ ನೋಡಿದೆ. ಇಪ್ಪತ್ತೆರಡು ಹೊಲಿಗೆ, ಒಂದರ ಅಂತರ ಇನ್ನೊಂದಕ್ಕಿಲ್ಲ. ನಿಮ್ಮ ಡಾಕ್ಟರಿಗೆ ಹೇಳು, ನಮ್ಮ ಅಂಗಡಿಯಲ್ಲಾಗಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದೆ. ಇಪ್ಪತ್ತು ವರ್ಷದಿಂದ ಕೋಟು ಕತ್ತರಿಸುತ್ತಿರುವವನು ನಾನು, ಸುಮ್ಮನಿರುವುದು ಹೇಗೆ!

ತಮಾಷೆ ಬಿಡು. ಬಸ್ಸು ಉರುಳಿ ಹನ್ನೊಂದು ಜನರನ್ನು ಒಟ್ಟಿಗೇ ಹೊತ್ತು ತಂದ ದಿನ ಆ ಐಸಿಯುನಲ್ಲಿ ನರ್ಸ್ ಇನ್‌ಚಾರ್ಜ್ ಆಗಿ ನೀನಿಲ್ಲದಿದ್ದರೆ ನಾನು ಇಂದು ಈ ಕಾಗದ ಬರೆಯುತ್ತಿರಲಿಲ್ಲ. ತೊಡೆ ಮೂಳೆ ತುಂಡು, ಹೊಟ್ಟೆಯೊಳಗೆ ಗುಲ್ಮ ಒಡೆದು ರಕ್ತ, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು. ಅಷ್ಟನ್ನೂ ರಿಪೇರಿ ಮಾಡಿ ಕಳಿಸಿದಿರಿ. ಗಂಟಲಲ್ಲಿ ನಳಿಗೆ ಇದ್ದ ಆ ಆರು ದಿನ ನನಗೆ ಸರಿಯಾಗಿ ನೆನಪಿಲ್ಲ. ಯಾರೋ ನನ್ನ ಕೈಯನ್ನು ಮೇಜಿಗೆ ಬಿಗಿದು ಇಸ್ತ್ರಿಪೆಟ್ಟಿಗೆ ಇಟ್ಟಂಥ ಕನಸು ಬೀಳುತ್ತಿತ್ತು, ಅಷ್ಟೇ.

ಒಂದು ಸಣ್ಣ ವಿಷಯ. ಬಲಗೈ ಹೆಬ್ಬೆರಳ ಬುಡದಲ್ಲಿ ಇನ್ನೂ ನೋವಿದೆ. ಲೋಟ ಎತ್ತಿದರೆ ಚುಳ್ ಎನ್ನುತ್ತದೆ. ಆಸ್ಪತ್ರೆಯಲ್ಲೂ ಇತ್ತು. ಮಿಕ್ಕ ನೋವುಗಳ ಸಂತೆಯಲ್ಲಿ ಇದರ ಕೂಗು ಕೇಳಿಸಿರಲಿಲ್ಲ. ಏನು ಮಾಡಲಿ?

ನಿನ್ನ ತಮ್ಮ

---

೨೫ ಮಾರ್ಚ್ ೧೯೯೩

ಮರೀ,

ಕಾಗದ ನೋಡಿ ಹೊಟ್ಟೆ ತಣ್ಣಗಾಯಿತು. ನಿನ್ನ ಹೊಲಿಗೆ ವಿಮರ್ಶೆಯನ್ನು ಡಾಕ್ಟರಿಗೆ ಓದಿ ಹೇಳಿದೆ. "ಮುಂದಿನ ಸಲ ಅವರ ಕೈಲೇ ಹಾಕಿಸ್ತೀನಿ ಸಿಸ್ಟರ್" ಎಂದು ನಕ್ಕರು.

ತೊಡೆಗೆ ಹೇಳಿಕೊಟ್ಟ ವ್ಯಾಯಾಮ ಬಿಡಬೇಡ. ಜ್ವರ ಬಂದರೆ ಒಂದು ದಿನವೂ ಕಾಯಬೇಡ, ಗುಲ್ಮ ತೆಗೆದವರಿಗೆ ಜ್ವರ ಆಟದ ಮಾತಲ್ಲ. ಕೆಮ್ಮುವಾಗ ದಿಂಬು ಒತ್ತಿಕೋ. ಅಮ್ಮನ ಮೇಲೆ ರೇಗಬೇಡ. ಅವಳು ಆ ಐದು ವಾರ ಇಲ್ಲಿ ಕಾರಿಡಾರಿನ ಬೆಂಚಿನ ಮೇಲೆ ಹೇಗೆ ಕೂತಿದ್ದಳೆಂದು ನೋಡಿದವಳು ನಾನು.

ಕೈ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಆ ಕೈಗೇ ಡ್ರಿಪ್ ಹಾಕಿದ್ದೆವು, ನರ ಊದಿಕೊಂಡಿರುತ್ತದೆ. ರಬ್ಬರ್ ಚೆಂಡೊಂದನ್ನು ಕಳಿಸಿದ್ದೇನೆ. ಬೆಳಗ್ಗೆ ಐವತ್ತು ಸಲ, ಸಂಜೆ ಐವತ್ತು ಸಲ ಅಮುಕು.

ನಿನ್ನ ಅಕ್ಕ

---

೨ ಮೇ ೧೯೯೩

ಅಕ್ಕಾ,

ತೊಡೆ ಪರವಾಗಿಲ್ಲ. ಕೋಲು ಬಿಟ್ಟು ಅಂಗಡಿಗೆ ಹೋದೆ. ಯಜಮಾನರು ಎದ್ದು ಬಂದು ತಬ್ಬಿಕೊಂಡರು, ಹೊಲಿಯುವವರೆಲ್ಲ ಮಿಷನ್ನು ನಿಲ್ಲಿಸಿ ನೋಡಿದರು. ನನ್ನ ಕತ್ತರಿಯನ್ನು ಯಾರೂ ಮುಟ್ಟಿರಲಿಲ್ಲ, ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಇಟ್ಟಿದ್ದರು.

ಚೆಂಡನ್ನು ಹೇಳಿದ ಲೆಕ್ಕದಲ್ಲೇ ಅಮುಕಿದೆ. ಲೆಕ್ಕ ತಪ್ಪಿದರೆ ಅಮ್ಮ ಬಿಡುತ್ತಿರಲಿಲ್ಲ. ಆದರೆ ಅಮುಕಿದಷ್ಟೂ ನೋವು ಹೆಚ್ಚಾಗಿದೆ ಅಕ್ಕಾ. ಮೊನ್ನೆ ಒಬ್ಬರ ಕೋಟಿಗೆ ಉಣ್ಣೆ ಬಟ್ಟೆ ಹಾಸಿ ಗುರುತು ಹಾಕಿ ಕತ್ತರಿ ಇಟ್ಟೆ. ಭುಜದ ತಿರುವಿಗೆ ಬರುವಷ್ಟರಲ್ಲಿ ಮಣಿಕಟ್ಟಿನೊಳಗೆ ಏನೋ ಟಕ್ಕೆಂದು, ಕತ್ತರಿ ಜಾರಿ ಬಿತ್ತು. ಬಟ್ಟೆ ಹಾಳಾಯಿತು. ಇಪ್ಪತ್ತು ವರ್ಷದಲ್ಲಿ ನನ್ನ ಕೈಯಿಂದ ಕತ್ತರಿ ಬಿದ್ದದ್ದು ಇದೇ ಮೊದಲು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಔಷಧದಂಗಡಿಯವನು, "ಒಂದು ಎಕ್ಸ್‌ರೇ ತೆಗೆಸಿ ಬಿಡಿ ಮಾಸ್ಟ್ರೇ" ಎಂದ. ನಿನ್ನನ್ನು ಕೇಳದೆ ಬೇಡ ಎಂದುಕೊಂಡೆ. ತೆಗೆಸಲಾ?

ತಮ್ಮ

---

೧೧ ಮೇ ೧೯೯೩

ಮರೀ,

ಔಷಧದಂಗಡಿಯವನು ಯಾವಾಗ ಡಾಕ್ಟರಾದ? ಐದು ವಾರದಲ್ಲಿ ನಿನಗೆ ಎಷ್ಟು ಎಕ್ಸ್‌ರೇ ತೆಗೆದಿದ್ದೇವೆ ಗೊತ್ತೇ? ಮೈಗೆ ಅದೂ ಒಂದು ವಿಷವೇ. ಸಾಕು.

ಸ್ವಲ್ಪ ಯೋಚನೆ ಮಾಡು. ಮೂಳೆ ಮುರಿದಿದ್ದರೆ ಬಿಡುಗಡೆಯ ದಿನ ಅಷ್ಟು ಚೆಂದವಾಗಿ ಸಹಿ ಹಾಕುತ್ತಿದ್ದೆಯಾ? ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮೂರು ತಿಂಗಳು ಕೆಲಸವಿಲ್ಲದೆ ಕೈ ಸೋಮಾರಿಯಾಗಿದೆ, ಜೊತೆಗೆ ಭಯ. ಚಿಕ್ಕಂದಿನಲ್ಲಿ ಹಲ್ಲು ಅಲ್ಲಾಡಿದರೂ ಊರೆಲ್ಲ ಒಂದು ಮಾಡುತ್ತಿದ್ದವನು ನೀನು.

ಮಣಿಕಟ್ಟಿಗೆ ಕಟ್ಟುವ ಬೆಲ್ಟು ಕಳಿಸಿದ್ದೇನೆ. ಬಿಗಿಯಾಗಿ ಕಟ್ಟಿಕೊಂಡು ಕೆಲಸ ಮಾಡು. ಸರಿಹೋಗುತ್ತದೆ. ಇಲ್ಲಿ ಕೆಲಸ ಬಹಳ, ಬೇಗ ಬೇಗ ಬರೆಯಲು ಆಗುವುದಿಲ್ಲ.

ಅಕ್ಕ

---

೧೯ ಆಗಸ್ಟ್ ೧೯೯೩

ಅಕ್ಕಾ,

ಮೂರು ತಿಂಗಳು ಬರೆಯಲಿಲ್ಲವೆಂದು ಬೇಸರಿಸಬೇಡ. ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಈ ಕಾಗದವನ್ನು ಎರಡು ದಿನದಿಂದ ಬರೆಯುತ್ತಿದ್ದೇನೆ.

ಬೆಲ್ಟು ಕಟ್ಟಿಕೊಂಡು ಜುಲೈವರೆಗೆ ಕತ್ತರಿಸಿದೆ. ಆಮೇಲೆ ಹೆಂಡತಿ ನನ್ನ ಮಾತು ಕೇಳದೆ ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಹೆಬ್ಬೆರಳ ಬುಡದ ಒಂದು ಗುಳಿಯಲ್ಲಿ ಬೆರಳಿಟ್ಟು ಒತ್ತಿದರು, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಎಕ್ಸ್‌ರೇ ತೆಗೆದು ದೀಪಕ್ಕೆ ಹಿಡಿದು ತೋರಿಸಿದರು. ಗೋಡಂಬಿಯಷ್ಟೇ ಇರುವ ಒಂದು ಚಿಕ್ಕ ಮೂಳೆ. ಎರಡು ತುಂಡಾಗಿದೆ. ಒಂದು ತುಂಡಿಗೆ ರಕ್ತ ಹೋಗದೆ ಸತ್ತಿದೆ, ಸುತ್ತಲಿನ ಕೀಲೂ ಸವೆದಿದೆ.

"ಯಾವಾಗ ಬಿದ್ರಿ?" ಎಂದರು. ಜನವರಿಯಲ್ಲಿ ಬಸ್ಸು ಉರುಳಿತ್ತು ಎಂದೆ. ನನ್ನ ಬಿಡುಗಡೆ ಚೀಟಿಯನ್ನು ಎರಡು ಸಲ ಓದಿದರು. "ಇದ್ರಲ್ಲಿ ಕೈ ಅನ್ನೋ ಮಾತೇ ಇಲ್ವಲ್ರೀ" ಎಂದರು. ಜೀವ ಹೋಗುವಂಥ ಗಾಯಗಳಿದ್ದಾಗ ಇಂಥ ಚಿಕ್ಕದು ತಪ್ಪಿಹೋಗುವುದುಂಟಂತೆ. ಅದಕ್ಕೇ ರೋಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ ತಲೆಯಿಂದ ಕಾಲಿನವರೆಗೆ ಮತ್ತೊಮ್ಮೆ ಮುಟ್ಟಿ ನೋಡಬೇಕಂತೆ. ಮೇ ತಿಂಗಳಲ್ಲಿ ಬಂದಿದ್ದರೂ ಮೂಳೆ ಕಸಿ ಮಾಡಿ ಒಂದು ಸ್ಕ್ರೂ ಹಾಕಿ ಉಳಿಸಲು ನೋಡಬಹುದಿತ್ತಂತೆ. ಈಗ ಮಣಿಕಟ್ಟನ್ನೇ ಬೆಸೆದುಬಿಡಬೇಕು. ನೋವು ಹೋಗುತ್ತದೆ, ಕೈ ಮಣಿಯುವುದಿಲ್ಲ. ಮಣಿಯದ ಕೈಯಲ್ಲಿ ಕೋಟಿನ ತೋಳು ಹೇಗೆ ಕತ್ತರಿಸಲಿ ಹೇಳು.

ನಿನ್ನ ಮೇಲೆ ನನಗೆ ಏನೂ ಇಲ್ಲ. ನೀನು ದೂರದಿಂದ ಏನು ಕಾಣುತ್ತೀಯ? ಆದರೆ ಆಸ್ಪತ್ರೆಯವರನ್ನು ಬಿಡುವುದಿಲ್ಲ. ಆ ಕನಸು ಕನಸಲ್ಲ ಎಂದು ಈಗ ಗೊತ್ತಾಗಿದೆ. ನನ್ನ ಮುರಿದ ಕೈಯನ್ನು ಮಂಚದ ಸರಳಿಗೆ ಕಟ್ಟಿದ್ದರು. ಕಟ್ಟಿದವಳು ಯಾರೆಂದು ನೀನು ಕಂಡುಹಿಡಿ. ನನಗೆ ಆ ಉದ್ದನೆಯ ನರ್ಸ್ ಮೇಲೆ ಅನುಮಾನ, ವಾರ್ಡಿನವರೆಲ್ಲ ಮೆಣಸಿನಕಾಯಿ ಎನ್ನುತ್ತಿದ್ದರಲ್ಲ, ಅವಳೇ. ಎಲ್ಲರ ಮೇಲೂ ಹರಿಹಾಯುತ್ತಿದ್ದಳು.

ತಮ್ಮ

---

೩೦ ಆಗಸ್ಟ್ ೧೯೯೩

ಮರೀ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆ ಡಾಕ್ಟರೊಬ್ಬರ ಮಾತನ್ನೇ ನಂಬಬೇಡ, ಇನ್ನೊಬ್ಬರಿಗೆ ತೋರಿಸು.

ದೂರು ಕೊಡಲು ಅವಸರ ಮಾಡಬೇಡ. ಅವತ್ತು ಹನ್ನೊಂದು ಜನ, ನಾವು ನಾಲ್ಕೇ ಜನ ನರ್ಸುಗಳು. ನೆಲದ ಮೇಲೆ ಹಾಸಿಗೆ ಹಾಕಿ ಮಲಗಿಸಿದ್ದೆವು. ಒಬ್ಬರ ಹೆಸರು ಹಿಡಿದು ಹೇಳುವುದು ನ್ಯಾಯವಲ್ಲ. ಹಳೆಯ ಕಡತಗಳು ಉಗ್ರಾಣದಲ್ಲಿವೆ, ಸುಲಭಕ್ಕೆ ಸಿಗುವುದಿಲ್ಲ. ನಾನು ನೋಡುತ್ತೇನೆ. ಅಲ್ಲಿಯವರೆಗೆ ಸುಮ್ಮನಿರು.

ಅಕ್ಕ

---

೮ ಸೆಪ್ಟೆಂಬರ್ ೧೯೯೩

ಅಕ್ಕಾ,

ನಿನ್ನ ಕಷ್ಟ ಅರ್ಥವಾಗುತ್ತದೆ. ಉಪ್ಪು ತಿನ್ನುತ್ತಿರುವ ಜಾಗ. ನಿನ್ನ ಬಾಯಲ್ಲಿ ಹೆಸರು ಹೇಳಿಸಿ ನಿನ್ನ ನೌಕರಿಗೆ ಕುತ್ತು ತರುವುದು ನನಗೂ ಇಷ್ಟವಿಲ್ಲ. ಅದಕ್ಕೇ ನಿನ್ನನ್ನು ನಡುವೆ ತರದೆ ನಾನೇ ನಿಮ್ಮ ಮೇಲಧಿಕಾರಿಗಳಿಗೆ ದೂರು ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಹೆಸರು ಗೊತ್ತಿಲ್ಲದ್ದರಿಂದ "ಐಸಿಯುನಲ್ಲಿದ್ದ ಎತ್ತರದ ನರ್ಸ್, ಮುಂಗೋಪಿ" ಎಂದು ಬರೆದಿದ್ದೇನೆ. ಗುರುತು ಹಿಡಿಯುವುದು ಕಷ್ಟವಾಗಲಾರದು.

ನೀನು ನನ್ನ ಅಕ್ಕ ಎಂದು ಎಲ್ಲೂ ಬರೆದಿಲ್ಲ. ನಿಶ್ಚಿಂತೆಯಿಂದಿರು.

ತಮ್ಮ

---

೨೬ ಸೆಪ್ಟೆಂಬರ್ ೧೯೯೩

ಮರೀ,

ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಬೇಡ.

ಮೊನ್ನೆ ಸೋಮವಾರ ಆ ಹುಡುಗಿಯನ್ನು ಕರೆಸಿ ವಿಚಾರಿಸಿದರು. ನೀವೆಲ್ಲ ಮೆಣಸಿನಕಾಯಿ ಎನ್ನುತ್ತಿದ್ದವಳನ್ನು. ಮೂರು ಜನ ಅಧಿಕಾರಿಗಳ ಎದುರು ಅರ್ಧ ಗಂಟೆ ನಿಲ್ಲಿಸಿದ್ದರು. ಹೊರಗೆ ಬಂದಾಗ ಅವಳ ಮುಖ ಸುಣ್ಣವಾಗಿತ್ತು. ನನ್ನ ಮುಂದೆಯೇ ಹಾದುಹೋದಳು. ಒಳಗೆ ನನ್ನ ಹೆಸರು ಹೇಳಿರಲಿಲ್ಲವಂತೆ.

ನಿನ್ನ ಕೈ ಕಟ್ಟಿದವಳು ಅವಳಲ್ಲ. ನಾನು.

ಎರಡನೆಯ ದಿನ ನೀನು ಬಲಗೈಯನ್ನು ಮತ್ತೆ ಮತ್ತೆ ಎತ್ತುತ್ತಿದ್ದೆ. ಗಂಟಲಿನ ನಳಿಗೆಗೆ ಕೈ ಹಾಕುತ್ತೀಯೆಂದುಕೊಂಡೆ. ಅದನ್ನು ಕಿತ್ತರೆ ನೀನು ಉಳಿಯುತ್ತಿರಲಿಲ್ಲ. ಬ್ಯಾಂಡೇಜು ಬಟ್ಟೆಯಿಂದ ನಾನೇ ಸರಳಿಗೆ ಬಿಗಿದೆ. ನೀನು ಎಳೆದೆ, ಇನ್ನೊಂದು ಸುತ್ತು ಬಿಗಿದೆ. "ಸುಮ್ನಿರು ಮರಿ, ಸುಮ್ನಿರು" ಎನ್ನುತ್ತಲೇ ಬಿಗಿದೆ. ಈಗ ಯೋಚಿಸಿದರೆ ನಿನ್ನ ಕೈ ಒಮ್ಮೆಯೂ ಬಾಯಿಯ ಹತ್ತಿರ ಹೋಗಿರಲಿಲ್ಲ. ನೀನು ಅದನ್ನು ನನಗೆ ತೋರಿಸುತ್ತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಪಟ್ಟಿ ಬದಲಿಸುವಾಗ ಆ ಹುಡುಗಿಯೇ ನನ್ನನ್ನು ಕರೆದಳು. "ಮೇಡಂ, ಇದು ಡ್ರಿಪ್ ಊತ ಅಲ್ಲ. ಹೆಬ್ಬೆರಳ ಕಡೆ ಮಾತ್ರ ಇದೆ ನೋಡಿ. ಮುಟ್ಟಿದ್ರೆ ಅಷ್ಟು ಮಂಪರಲ್ಲೂ ಮುಖ ಕಿವುಚ್ತಾರೆ" ಎಂದಳು. ಚಿಕ್ಕ ಡಾಕ್ಟರನ್ನು ಹಿಡಿದು ತಂದು ಕೈಯ ಎಕ್ಸ್‌ರೇಗೆ ಚೀಟಿ ಬರೆಸಿದ್ದೂ ಅವಳೇ. ಆ ಹೊತ್ತಿಗೆ ನಿನ್ನ ರಕ್ತದೊತ್ತಡ ಇಳಿಯತೊಡಗಿತು. "ಈಗ ಇವನನ್ನ ಎಲ್ಲಿಗೂ ಕದಲಿಸೋದು ಬೇಡ, ಆಮೇಲೆ ಕಳಿಸ್ತೀನಿ" ಎಂದು ಚೀಟಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡೆ. ಅದು ತಪ್ಪಲ್ಲ, ಆ ಗಳಿಗೆಯಲ್ಲಿ ಯಾರಾದರೂ ಹಾಗೇ ಮಾಡುತ್ತಿದ್ದರು. ಆಮೇಲೆ ನೀನು ಚೇತರಿಸಿಕೊಂಡೆ, ನಳಿಗೆ ತೆಗೆದೆವು, ವಾರ್ಡಿಗೆ ಕಳಿಸಿದೆವು. ನನಗೆ ಸಂತೋಷದಲ್ಲಿ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. ಚೀಟಿ ಮರೆತೆ.

ಮೂರು ವಾರದ ಮೇಲೆ, ಲಾಕರಿನ ಮೂಲೆಯಲ್ಲಿ ಬಿದ್ದಿದ್ದ ಆ ಏಪ್ರನ್ ಒಗೆಯಲು ತೆಗೆದಾಗ ಸಿಕ್ಕಿತು. ನೀನಿನ್ನೂ ವಾರ್ಡಿನಲ್ಲೇ ಇದ್ದೆ. ನಮ್ಮ ಐಸಿಯುನಿಂದ ಎರಡೇ ಮಹಡಿ ಕೆಳಗೆ. ಅವತ್ತೇ ಕರೆದುಕೊಂಡು ಹೋಗಿದ್ದರೆ ಪ್ಲಾಸ್ಟರಿನಲ್ಲೇ ಕೂಡಿಕೊಳ್ಳುತ್ತಿತ್ತೋ ಏನೋ. ಆದರೆ ಚೀಟಿಯ ಮೇಲಿನ ತಾರೀಖು ನೋಡಿದರೆ ದೊಡ್ಡ ಡಾಕ್ಟರು ಕೇಳುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಒಂದು ಮಾತು ಕೇಳಿಸಿಕೊಂಡವಳಲ್ಲ ನಾನು. ನೀನು ಚಮಚ ಹಿಡಿದು ತಿನ್ನುತ್ತಿದ್ದೆ, ಏನೂ ಆಗಿರಲಾರದು ಎಂದುಕೊಂಡೆ. ಹರಿದು ಬಿಸಾಕಿದೆ.

ದೂರಿನಲ್ಲಿ ನನ್ನ ಹೆಸರು ಬರೆ. ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ.

ಅಕ್ಕ

---

೨೧ ಅಕ್ಟೋಬರ್ ೧೯೯೩

ಮಾನ್ಯ ಸಿಸ್ಟರ್ ಇನ್‌ಚಾರ್ಜ್ ಅವರಿಗೆ,

ತಾವು ಬರೆದ ಪತ್ರ ತಲುಪಿತು. ಇದನ್ನು ನನ್ನ ಹೆಂಡತಿಯ ಕೈಯಲ್ಲಿ ಬರೆಸುತ್ತಿದ್ದೇನೆ.

ಆ ನರ್ಸ್ ಅವರ ಮೇಲಿನ ದೂರನ್ನು ವಾಪಸು ಪಡೆದಿದ್ದೇನೆ. ಅವರಿಗೆ ಕ್ಷಮೆ ಕೇಳಿ ಬೇರೆ ಕಾಗದ ಹಾಕಿದ್ದೇನೆ. ತಮ್ಮ ಹೆಸರನ್ನು ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ದಯೆಯಿಂದಲ್ಲ. ಶಿಕ್ಷೆಯಾದರೆ ಅನುಭವಿಸಿ ಹಗುರಾಗುತ್ತೀರಿ. ತಾವು ಹಗುರಾಗುವುದು ನನಗೆ ಬೇಡ.

ತಮ್ಮಿಂದ ಒಂದೇ ಉತ್ತರ ಬೇಕು. ಎಕ್ಸ್‌ರೇ ಬೇಡ ಎಂದು ಬರೆದು ಬೆಲ್ಟು ಕಳಿಸಿದಿರಲ್ಲ, ಮೇ ತಿಂಗಳಲ್ಲಿ, ಆಗ ತಮಗೆ ಗೊತ್ತಿತ್ತೇ?

---

೩ ನವೆಂಬರ್ ೧೯೯೩

ಮರೀ,

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ತಾವು" ಎಂದು ಬರೆದೆಯಲ್ಲೋ.

ಮಾರ್ಚಿನಲ್ಲಿ ಅನುಮಾನವಿತ್ತು. ಮೇ ತಿಂಗಳಲ್ಲಿ ಗೊತ್ತಿತ್ತು. ಕತ್ತರಿ ಜಾರಿತೆಂದು ಓದಿದೆನಲ್ಲ, ಆ ಸಾಲಿನಲ್ಲೇ ಗೊತ್ತಾಯಿತು. ಎಕ್ಸ್‌ರೇ ತೆಗೆದರೆ ಎಷ್ಟು ಹಳೆಯ ಮುರಿತವೆಂದು ಹೇಳುತ್ತಾರೆ, ಎಲ್ಲ ನನ್ನ ಜೇಬಿಗೇ ಬಂದು ನಿಲ್ಲುತ್ತದೆ ಎಂದು ಹೆದರಿದೆ. ತಾನಾಗಿ ಕೂಡಿಕೊಂಡೀತೆಂದು ಆಸೆಪಟ್ಟೆ. ಆ ಮೂರು ತಿಂಗಳು ನಿನ್ನ ಕಾಗದ ಬರಲಿಲ್ಲ. ನಿನಗೆ ವಾಸಿಯಾಗಿರಬೇಕೆಂದು ತಿಳಿದು ನೆಮ್ಮದಿಯಿಂದ ಊಟ ಮಾಡಿದೆ. ಅದನ್ನೂ ಹೇಳಿಬಿಡುತ್ತೇನೆ.

ನೀನು ದೂರು ಕೊಡದಿದ್ದರೂ ನಾನೇ ಮೇಲಧಿಕಾರಿಗಳ ಬಳಿ ಹೋಗಿ ಎಲ್ಲ ಹೇಳಿದೆ. ಪೂರ್ತಿ ಕೇಳಿದರು. "ಸಿಸ್ಟರ್, ಅವತ್ತಿನ ಹನ್ನೊಂದು ಜನರಲ್ಲಿ ಒಂಬತ್ತು ಜನ ಬದುಕಿದ್ರು. ಒಂದು ಮಣಿಕಟ್ಟಿಗೆ ಇಷ್ಟು ಹಚ್ಕೋಬೇಡಿ. ದೂರೇ ಇಲ್ಲ ಅಂದ್ಮೇಲೆ ಕಡತ ಯಾಕೆ ತೆಗೀಲಿ? ಹೋಗಿ, ಕೆಲಸ ನೋಡಿ" ಎಂದರು. ನಿವೃತ್ತಿಗೆ ಎರಡು ವರ್ಷವಿದೆಯೆಂದು ನೆನಪಿಸಿದರು. ಚಹಾ ತರಿಸಿಕೊಟ್ಟರು. ಕುಡಿದೆ.

ಈಗ ಯಾರೇ ಗಾಯಾಳು ಬರಲಿ, ಕಣ್ಣು ಬಿಟ್ಟ ದಿನವೇ ತಲೆಯಿಂದ ಕಾಲಿನವರೆಗೆ ಒಂದೊಂದು ಬೆರಳನ್ನೂ ಮುಟ್ಟಿ ನೋಡುತ್ತೇನೆ. ಒಂದು ತಿಂಗಳಲ್ಲಿ ನಾಲ್ಕು ಸಿಕ್ಕವು. ಒಬ್ಬ ಹೆಂಗಸಿನ ಪಾದ, ಒಬ್ಬ ಮುದುಕರ ಕಾಲರ್ ಮೂಳೆ, ಇಬ್ಬರ ಬೆರಳು. ಡಾಕ್ಟರುಗಳು ಬೆನ್ನ ಹಿಂದೆ ನಗುತ್ತಾರೆ. ನಗಲಿ.

ನಿನ್ನ ಆಪರೇಷನ್ನಿಗೆ ನಾನು ಬರಲೇ? ಪಕ್ಕದಲ್ಲಿರುತ್ತೇನೆ.

ಅಕ್ಕ

---

೧೬ ಜನವರಿ ೧೯೯೪

ಅಕ್ಕನಿಗೆ,

ಆಪರೇಷನ್ ಡಿಸೆಂಬರಿನಲ್ಲಿ ಆಯಿತು. ತಿಳಿಸಲಿಲ್ಲ, ಬೇಕೆಂದೇ. ಮಣಿಕಟ್ಟನ್ನು ಬೆಸೆದಿದ್ದಾರೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಹೊಂದಿಸಿಕೊಂಡು ಓದು. ಹೆಂಡತಿಗೆ ಹೇಳಿ ಬರೆಸಲು ಆಗದ ಮಾತುಗಳು ಕೆಲವು ಇವೆ.

ಅಂಗಡಿಯಲ್ಲಿ ನನ್ನನ್ನು ಅಳತೆ ತೆಗೆಯಲು ಹಾಕಿದ್ದಾರೆ. ಎದೆ ಇಷ್ಟು, ತೋಳು ಇಷ್ಟು ಎಂದು ನಾನು ಕೂಗುತ್ತೇನೆ, ಹೊಸಬರೊಬ್ಬರು ಬರೆದುಕೊಂಡು ಕತ್ತರಿಸುತ್ತಾರೆ. ಕಂಕುಳ ತಿರುವನ್ನು ಆಳವಾಗಿ ತೆಗೆದು ಕೆಡಿಸುತ್ತಾರೆ. ಕಾಣುತ್ತದೆ. ಬಾಯಿ ಮುಚ್ಚಿಕೊಂಡಿರುತ್ತೇನೆ. ಹೇಳಿದರೆ ಕೈಲಾಗದವನ ಹೊಟ್ಟೆಕಿಚ್ಚು ಎಂದುಕೊಂಡಾರು. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು.

ಆ ನರ್ಸ್ ಉತ್ತರ ಬರೆದಿದ್ದಾಳೆ. ಎರಡೇ ಸಾಲು. "ನಾನು ಇನ್ನೊಂದು ಸಲ ಕೇಳಬೇಕಿತ್ತು. ಇನ್‌ಚಾರ್ಜ್ ಮೇಡಂ ಎದುರು ಧೈರ್ಯ ಬರಲಿಲ್ಲ." ನನ್ನ ಕೈಯನ್ನು ಕೈಯೆಂದು ನೋಡಿದವಳು ಆ ಕಟ್ಟಡದಲ್ಲಿ ಅವಳೊಬ್ಬಳೇ, ಅವಳ ಮೇಲೆಯೇ ನಾನು ದೂರು ಬರೆದೆ. ಆ ಪಾಪವನ್ನೂ ನನ್ನ ಕೈಯಲ್ಲಿ ಮಾಡಿಸಿದೆ ನೀನು. ಒಂದು ಸಾಲು ಬರೆದಿದ್ದರೆ ಸಾಕಿತ್ತು, ಆಗಸ್ಟಿನಲ್ಲಿ.

ಬೇರೆಯವರ ಮೂಳೆಗಳ ಲೆಕ್ಕವನ್ನು ನನಗೆ ಬರೆಯಬೇಡ. ಅವರಿಗೆ ಒಳ್ಳೆಯದಾಗಲಿ. ನನಗೆ ಅದರಿಂದ ಏನೂ ಆಗುವುದಿಲ್ಲ.

ನೀನು ಕೈ ಕಟ್ಟಿದ್ದನ್ನು ನಾನು ಯಾವತ್ತೋ ಬಿಟ್ಟುಬಿಟ್ಟೆ. ಜೀವ ಉಳಿಸಲು ಕಟ್ಟಿದೆ. ಚೀಟಿ ಮರೆತದ್ದನ್ನೂ ಬಿಟ್ಟೆ, ಮನುಷ್ಯರು ಮರೆಯುತ್ತಾರೆ. ಮೇ ತಿಂಗಳನ್ನು ಬಿಡಲು ಆಗುತ್ತಿಲ್ಲ. ತೆಗೆಸಲಾ ಎಂದು ಕೇಳಿದ್ದೆ ಅಕ್ಕಾ. ಬೇರೆ ಯಾರನ್ನೂ ಕೇಳದೆ ನಿನ್ನನ್ನು ಕೇಳಿದ್ದೆ. ನೀನು ಬರೀ ಕೆಡುಕು ಮಾಡಿದವಳಾಗಿದ್ದರೆ ಸುಲಭವಿತ್ತು, ಸತ್ತಳೆಂದುಕೊಂಡು ಇರಬಹುದಿತ್ತು. ಈ ಮೈಯಲ್ಲಿ ಉಸಿರಾಡುವುದೂ ನಿನ್ನಿಂದಲೇ ಎಂಬುದನ್ನು ಎಲ್ಲಿ ಇಟ್ಟುಕೊಳ್ಳಲಿ?

ಅಮ್ಮನಿಗೆ ಏನೂ ಹೇಳಿಲ್ಲ. ಅವಳು ನಿನ್ನನ್ನು ನೋಡಬೇಕೆಂದು ಹಂಬಲಿಸುತ್ತಿದ್ದಾಳೆ, ಕಣ್ಣೂ ಮಂಜಾಗುತ್ತಿದೆ. ಬಾ, ತಡೆಯುವುದಿಲ್ಲ. ಇವಳು ಅಡಿಗೆ ಮಾಡಿಟ್ಟಿರುತ್ತಾಳೆ, ಉಂಡು ಹೋಗು. ಭಾನುವಾರ ಬೇಡ. ಮಿಕ್ಕ ದಿನ ನಾನು ಬೆಳಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೊರಟರೆ ಮನೆಗೆ ಬರುವುದು ಸಂಜೆ ಏಳಕ್ಕೆ.

ಆರೂವರೆಯ ಬಸ್ಸಿಗೆ ಹೊರಟುಬಿಡು.

ತಮ್ಮ